ಕಡಲ ನಡುವೆ ವೈಫೈ ಎಷ್ಟು ಬೇಕು?



ಕಳೆದ ಕ್ರಿಸ್ಮಸ್ ರಜೆಯಲ್ಲಿ ದುಬೈಯಲ್ಲಿರುವ ನನ್ನ ಚಿಕ್ಕಪ್ಪ, ಚಿಕ್ಕಮ್ಮನನ್ನೂ ಇಬ್ಬರು ಮಕ್ಕಳನ್ನೂ ವಿಸಿಟ್ ವೀಸಾದಲ್ಲಿ ಅಲ್ಲಿಗೆ ಕರೆಸಿಕೊಂಡರು. ಎಷ್ಟೋ ವರ್ಷಗಳ ಆಸೆ ಅದು. ಅಲ್ಲಿಂದ ಅಬುಧಾಬಿ, ದೋಹಾ ಕಡೆಗೆ ಹೋಗುವ ನಾಲ್ಕು ರಾತ್ರಿಯ ಕ್ರೂಸ್‌ಗೂ ಕರೆದುಕೊಂಡು ಹೋದರು. ಈಜುಕೊಳ, ಸೂರ್ಯಾಸ್ತ, ಬಫೆ ಊಟ ಎಲ್ಲದರ ಫೋಟೋ ನಮ್ಮ ಕುಟುಂಬದ ಗ್ರೂಪಿಗೆ ಬಂತು. ನಾವೆಲ್ಲ ಖುಷಿಪಟ್ಟೆವು.

ಜನವರಿಯಲ್ಲಿ ಚಿಕ್ಕಪ್ಪನ ಮೊಬೈಲ್ ಬಿಲ್ ಬಂತು. ಕ್ರೂಸಿನಲ್ಲಿ ಒಬ್ಬರ ಟಿಕೆಟಿಗೆ ಕೊಟ್ಟದ್ದರಲ್ಲಿ ಸುಮಾರು ಅರ್ಧದಷ್ಟು ಹಣ ಬರೀ ಒಂದು ಸಂಜೆಯ ಇಂಟರ್ನೆಟ್ಟಿಗೆ.

ಆದದ್ದು ಇಷ್ಟು. ಚಿಕ್ಕಪ್ಪ ಹಡಗಿನ ವೈಫೈ ಪ್ಯಾಕೇಜನ್ನು ತನ್ನ ಆಫೀಸಿನ ಕೆಲಸಕ್ಕೆಂದು ಒಂದೇ ಫೋನಿಗೆ ತೆಗೆದುಕೊಂಡಿದ್ದರು. ಮಕ್ಕಳಿಗೆ, "ನಾಲ್ಕು ದಿನ ನೆಟ್ ಇಲ್ಲದಿದ್ದರೆ ಯಾರೂ ಸಾಯುವುದಿಲ್ಲ" ಎಂದರು. ಎರಡನೇ ದಿನ ಸಂಜೆ ಅವರು ಮಲಗಿದ್ದಾಗ, ಪ್ಲಸ್ ವನ್ ಓದುವ ಮಗ ಅವರ ಇನ್ನೊಂದು ಫೋನ್ ಎತ್ತಿಕೊಂಡ. ಅದರಲ್ಲಿ ಸಿಗ್ನಲ್ ಕಡ್ಡಿಗಳು ಕಂಡವು. ದುಬೈಯ ಸಿಮ್ ತಾನೆ ಎಂದುಕೊಂಡು ಡೇಟಾ ಆನ್ ಮಾಡಿ, ತನ್ನ ಫೋನಿಗೂ ತಂಗಿಯ ಫೋನಿಗೂ ಹಾಟ್‌ಸ್ಪಾಟ್ ಕೊಟ್ಟ. ಮುಕ್ಕಾಲು ಗಂಟೆ ಇಬ್ಬರೂ ವಿಡಿಯೋ ನೋಡಿದರು. ಅಷ್ಟೇ.

ಬಿಲ್ ಬಂದ ದಿನ ಚಿಕ್ಕಪ್ಪ ಫೋನಿನಲ್ಲೇ ಬೈದರು. ಹುಡುಗ ಎರಡು ವಾರ ಅಪ್ಪನ ಕರೆಗೆ ಬರಲಿಲ್ಲ. ದುಡ್ಡು ಹೇಗೋ ಕಟ್ಟಿ ಆಯಿತು. ನಾನು ಈ ಲೇಖನ ಬರೆಯುತ್ತಿರುವುದು ಆ ಎರಡು ವಾರಗಳಿಗಾಗಿ.

ಹುಡುಗನ ತಪ್ಪು ಎಷ್ಟು, ಕಡಲಿನ ತಪ್ಪು ಎಷ್ಟು?

ಮೊದಲು ಸಿಗ್ನಲ್ ಕಡ್ಡಿಗಳ ವಿಷಯ. ದಡದ ಟವರ್ ದೂರವಾದ ಮೇಲೂ ಫೋನಿನಲ್ಲಿ ಕಡ್ಡಿ ಕಾಣುವುದು ಅನೇಕ ಕ್ರೂಸ್ ಹಡಗುಗಳ ಒಳಗೇ ಒಂದು ಪುಟ್ಟ ಮೊಬೈಲ್ ಜಾಲ ಇರುವುದರಿಂದ. ಬಂದರಿನಲ್ಲಿ ಅದು ಸಾಮಾನ್ಯವಾಗಿ ಆಫ್ ಇರುತ್ತದೆ, ತೀರ ಬಿಟ್ಟು ದೂರ ಹೋದ ಮೇಲೆ ಆನ್ ಆಗುತ್ತದೆ. ರೋಮಿಂಗ್ ತೆರೆದಿಟ್ಟ ಪೋಸ್ಟ್‌ಪೇಯ್ಡ್ ಸಿಮ್ ಇದ್ದರೆ ಫೋನ್ ಯಾರನ್ನೂ ಕೇಳದೆ ಅದಕ್ಕೆ ಅಂಟಿಕೊಳ್ಳುತ್ತದೆ. ಅಲ್ಲಿಂದ ಉಪಗ್ರಹ, ಉಪಗ್ರಹದಿಂದ ಭೂಮಿ. ನೆಲದ ಮೇಲಿನ ರೋಮಿಂಗ್ ಪ್ಯಾಕ್ ಹೆಚ್ಚಾಗಿ ಇಲ್ಲಿ ನಡೆಯುವುದಿಲ್ಲ. ಲೆಕ್ಕ ಎಂಬಿಗೆ ಇಷ್ಟು ಎಂದು ಬೀಳುತ್ತದೆ.

ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಒಳ್ಳೆಯ ಗುಣಮಟ್ಟದ ವಿಡಿಯೋ ಒಂದು ಗಂಟೆಗೆ 3 ಜಿಬಿವರೆಗೂ ತಿನ್ನುತ್ತದೆ. ಒಂದು ಜಿಬಿ ಎಂದರೆ ಸಾವಿರಕ್ಕೂ ಹೆಚ್ಚು ಎಂಬಿ. ಎಂಬಿಗೆ ಹತ್ತೇ ರೂಪಾಯಿ ಎಂದಿಟ್ಟುಕೊಂಡರೂ ಒಂದು ಜಿಬಿಗೆ ಹತ್ತು ಸಾವಿರ ರೂಪಾಯಿ ದಾಟಿತು. ಇದರ ಮೇಲೆ ಯಾರೂ ಮುಟ್ಟದಿದ್ದರೂ ಫೋನ್ ತಾನಾಗಿ ಮಾಡುವ ಕೆಲಸಗಳಿವೆ: ಫೋಟೋ ಬ್ಯಾಕಪ್, ಆ್ಯಪ್ ಅಪ್‌ಡೇಟ್, ವಾಟ್ಸ್ಆ್ಯಪ್ ಗ್ರೂಪಿನ ಗುಡ್ ಮಾರ್ನಿಂಗ್ ವಿಡಿಯೋಗಳ ಡೌನ್‌ಲೋಡ್. ನಮ್ಮ ಹುಡುಗ ವಿಡಿಯೋ ನೋಡುತ್ತಿದ್ದಾಗ ಚಿಕ್ಕಪ್ಪನ ಫೋನ್ ಆ ದಿನದ ಇನ್ನೂರು ಫೋಟೋಗಳನ್ನು ಮೇಲಕ್ಕೆ ಕಳಿಸುತ್ತಿತ್ತು. ಅದು ಯಾರ ತಪ್ಪು?

ಎರಡನೆಯದು, ಹಡಗಿನ ವೈಫೈ. ಹಿಂದೆ ಹಡಗಿನ ಇಂಟರ್ನೆಟ್ ಬರುತ್ತಿದ್ದದ್ದು ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳಿಂದ. ನಾವು ಒತ್ತಿದ್ದು ಹೋಗಿ ಉತ್ತರ ಬರಲು ಅರ್ಧ ಸೆಕೆಂಡು ದಾಟುತ್ತಿತ್ತು. ಅಷ್ಟು ನಿಧಾನದಲ್ಲಿ ಮಕ್ಕಳು ತಾವೇ ಬೇಸತ್ತು ಫೋನ್ ಕೆಳಗಿಡುತ್ತಿದ್ದರು. ಈಗ ಸ್ಟಾರ್‌ಲಿಂಕ್‌ನಂಥ ಉಪಗ್ರಹಗಳು ಸುಮಾರು 550 ಕಿಲೋಮೀಟರ್ ಎತ್ತರದಲ್ಲೇ ಸುತ್ತುತ್ತವೆ. ಅನೇಕ ಕ್ರೂಸ್ ಕಂಪೆನಿಗಳು ಅವುಗಳನ್ನು ಹಾಕಿಸಿಕೊಂಡಿವೆ. ಅಂದರೆ, ಹಿಂದೆ ಮಕ್ಕಳಿಗೆ ಮಿತಿ ಹಾಕುವ ಕೆಲಸವನ್ನು ಕಡಲೇ ಮಾಡುತ್ತಿತ್ತು. ಈಗ ಅದನ್ನು ನಾವೇ ಮಾಡಬೇಕು.

"ಪಪ್ಪ ಹನ್ನೊಂದು ತಿಂಗಳು ಫೋನಿನಲ್ಲೇ ಇದ್ದರು"

ಜನವರಿ ಕೊನೆಯ ಭಾನುವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಜಗಲಿಯಲ್ಲಿ ಹುಡುಗ ಸಿಕ್ಕಿದ. ಬಿಲ್ಲಿನ ಸುದ್ದಿ ನಾನು ಎತ್ತಲಿಲ್ಲ, ಅವನೇ ಎತ್ತಿದ. "ಅಕ್ಕಾ, ಪಪ್ಪ ಹನ್ನೊಂದು ತಿಂಗಳು ಫೋನಿನಲ್ಲೇ ಇದ್ದರು. ಎದುರಿಗೆ ಬಂದು ಕೂತಾಗ ಏನು ಮಾತಾಡುವುದೆಂದೇ ಗೊತ್ತಾಗಲಿಲ್ಲ" ಎಂದ.

ಈ ಮಾತು ಕೇಳಿದ ಮೇಲೆ ನನಗೆ ಅವನ ಮೇಲೆ ಸಿಟ್ಟು ಉಳಿಯಲಿಲ್ಲ. ನಮ್ಮ ಕಾಸರಗೋಡು ಕಡೆಯ ಎಷ್ಟು ಮನೆಗಳಲ್ಲಿ ಇದೇ ಕಥೆ! ರಾತ್ರಿ ತೇರ್ಸಿನ ಹೊತ್ತಿಗೆ ಅಲ್ತಾರಿನ ಪಕ್ಕದಲ್ಲಿ ಫೋನನ್ನು ಗೋಡೆಗೆ ಆನಿಸಿಡುತ್ತಾರೆ. ನಮಗೆ ಎಂಟು ಗಂಟೆ, ಅಲ್ಲಿ ಆರೂವರೆ. ಯುಎಇಯಲ್ಲಿ ವಾಟ್ಸ್ಆ್ಯಪ್ ಕರೆ ನಡೆಯುವುದಿಲ್ಲವೆಂದು ಬೋಟಿಮ್ ಹಾಕಿಕೊಂಡಿರುತ್ತಾರೆ. ಮೂರನೆಯ ರಹಸ್ಯದ ನಡುವೆ ಅಪ್ಪನ ಮುಖ ನಿಂತುಹೋಗುತ್ತದೆ, ನಾಲ್ಕನೆಯದಕ್ಕೆ ಮತ್ತೆ ಅಲ್ಲಾಡುತ್ತದೆ. ಮಾರ್ಕ್ಸ್ ಕಾರ್ಡ್ ತೋರಿಸುವುದು, ಬರ್ತ್‌ಡೇ ಕೇಕ್ ಕತ್ತರಿಸುವುದು, ಬೈಸಿಕೊಳ್ಳುವುದು ಎಲ್ಲವೂ ಅದರಲ್ಲೇ. ಆ ಮಗುವಿಗೆ ಫೋನ್ ಎಂದರೆ ಅಪ್ಪನೇ. ಅದೇ ಮಗು ಫೋನ್ ಹಿಡಿದು ಕೂತರೆ "ಇಂದಿನ ಮಕ್ಕಳು ಹಾಳಾದರು" ಎನ್ನುವುದು ನ್ಯಾಯವಲ್ಲ.

ಹಾಗೆಂದು ನಾಲ್ಕು ದಿನವೂ ಫೋನ್ ಕೊಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಹನ್ನೊಂದು ತಿಂಗಳು ಅಪ್ಪನನ್ನು ಮನೆಗೆ ತಂದ ಫೋನಿಗೆ, ಅಪ್ಪ ಎದುರಿಗೇ ಇರುವ ನಾಲ್ಕು ದಿನ ರಜೆ ಸಿಗಬೇಕು. ಆದರೆ ಆ ರಜೆ ಶಿಕ್ಷೆಯ ರೂಪದಲ್ಲಿ, ಹಡಗು ಹತ್ತಿದ ಮೇಲೆ, ಒಂದೇ ಸಾಲಿನ ಆಜ್ಞೆಯಾಗಿ ಬರಬಾರದು. ಮೊದಲೇ ಎಲ್ಲರೂ ಕೂತು ಮಾತಾಡಿ ತೀರ್ಮಾನಿಸಿದ್ದರೆ ಅದು ಮಕ್ಕಳ ತೀರ್ಮಾನವೂ ಆಗುತ್ತದೆ.

ಎರಡು ಸುಲಭದ ದಾರಿಗಳು, ಎರಡೂ ಸಾಲವು

ನಮ್ಮ ವಾಳೆಯ ಒಬ್ಬ ಆಂಟಿ, "ಫೋನುಗಳನ್ನು ಕ್ಯಾಬಿನ್ನಿನ ಲಾಕರಿನಲ್ಲಿ ಹಾಕಿ ಬೀಗ ಹಾಕಿದರಾಯಿತು" ಎಂದರು. ಹಾಗೆ ಮಾಡಿದರೆ ಮಗು ನಾಲ್ಕು ದಿನ ಕಡಲನ್ನು ನೋಡುವುದಿಲ್ಲ, ಲಾಕರನ್ನೇ ನೆನೆಯುತ್ತಿರುತ್ತದೆ. ಅಷ್ಟು ದೊಡ್ಡ ಹಡಗಿನಲ್ಲಿ ಮಕ್ಕಳು ಎಲ್ಲಿದ್ದಾರೆಂದು ತಿಳಿಯಲೂ ಫೋನ್ ಬೇಕಾಗುತ್ತದೆ. ಊಟದ ಸಮಯ, ಕಾರ್ಯಕ್ರಮದ ಪಟ್ಟಿ ಈಗ ಹಡಗಿನ ಆ್ಯಪಿನಲ್ಲೇ ಇರುತ್ತವೆ. ಅನೇಕ ಹಡಗುಗಳಲ್ಲಿ ಇಂಟರ್ನೆಟ್ ಪ್ಯಾಕೇಜ್ ಕೊಳ್ಳದೆಯೂ ಅದು ನಡೆಯುತ್ತದೆ.

ಇನ್ನೊಂದು ದಾರಿ, "ಇಷ್ಟು ಖರ್ಚು ಮಾಡಿದ್ದೇವೆ, ನಾಲ್ವರಿಗೂ ಪೂರ್ತಿ ಪ್ಯಾಕೇಜ್ ಹಾಕಿಸಿ" ಎನ್ನುವುದು. ಹೆಚ್ಚಿನ ಕಂಪೆನಿಗಳು ಫೋನಿಗೆ ಇಷ್ಟು, ದಿನಕ್ಕೆ ಇಷ್ಟು ಎಂದು ಲೆಕ್ಕ ಹಾಕುತ್ತವೆ. ನಾಲ್ಕು ಫೋನು, ನಾಲ್ಕು ದಿನ ಎಂದರೆ ಹದಿನಾರು ಪಾಲು. ಹಣ ಇರುವವರಿಗೆ ಅದು ದೊಡ್ಡದಲ್ಲದಿರಬಹುದು. ಆದರೆ ನಾಲ್ಕು ಮಂದಿ ನಾಲ್ಕು ಪರದೆ ನೋಡುತ್ತಾ ಕೂರಲು ಹಡಗೇ ಬೇಕೆ?

ನಾನು ಹೇಳುವ ದಾರಿ

ಹೊರಡುವುದಕ್ಕೆ ಎರಡು ವಾರ ಮೊದಲು, ಅಪ್ಪ ವಿಡಿಯೋ ಕರೆಯಲ್ಲಿದ್ದರೂ ಸರಿ, ಎಲ್ಲರೂ ಕೂತು ಮಾತಾಡಿ.

ಮೊದಲು ಹಣದ ಲೆಕ್ಕ ಮಕ್ಕಳ ಮುಂದೆ ಇಡಿ. ಗಲ್ಫಿನಲ್ಲಿರುವ ನಮ್ಮ ಅಪ್ಪಂದಿರು ಒಂದು ವಿಷಯ ಮುಚ್ಚಿಡುತ್ತಾರೆ: ತಾವು ಎಷ್ಟು ಕಷ್ಟಪಟ್ಟು ಸಂಪಾದಿಸುತ್ತೇವೆ ಎಂಬುದನ್ನು. ಮಕ್ಕಳಿಗೆ ನೋವಾಗದಿರಲಿ ಎಂಬ ಪ್ರೀತಿ ಅದು. ಆದರೆ ಬೆಲೆ ಗೊತ್ತಿಲ್ಲದ ಮಗುವಿಗೆ ಎಲ್ಲವೂ ಪುಕ್ಕಟೆಯಾಗಿ ಕಾಣುತ್ತದೆ. "ಇದು ಟಿಕೆಟ್, ಇದು ವೀಸಾ, ಇಂಟರ್ನೆಟ್ಟಿಗೆ ಇಷ್ಟು ಉಳಿದಿದೆ, ಹೇಗೆ ಹಂಚೋಣ?" ಎಂದು ಕೇಳಿ.

ಹಂಚುವ ಜವಾಬ್ದಾರಿಯನ್ನು ಮನೆಯ ಹದಿಹರೆಯದವರಿಗೇ ಕೊಡಿ. ಫೋನಿನ ಸೆಟ್ಟಿಂಗ್ ನಮ್ಮ ಹೆತ್ತವರಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಅವರು ಮಾಡಬೇಕಾದ್ದು ಇಷ್ಟು:

1. ಹಡಗಿನೊಳಗೆ ಕಾಲಿಟ್ಟ ಕೂಡಲೇ ಅಪ್ಪನ ಎರಡನೇ ಫೋನೂ ಸೇರಿ ಎಲ್ಲರ ಫೋನುಗಳನ್ನು ಏರೋಪ್ಲೇನ್ ಮೋಡಿಗೆ ಹಾಕುವುದು. ಆಮೇಲೆ ವೈಫೈ ಮಾತ್ರ ಆನ್.
2. ಫೋಟೋ ಬ್ಯಾಕಪ್, ಆ್ಯಪ್ ಅಪ್‌ಡೇಟ್, ವಾಟ್ಸ್ಆ್ಯಪ್‌ನ ಆಟೋ ಡೌನ್‌ಲೋಡ್ ಮೊದಲೇ ನಿಲ್ಲಿಸುವುದು.
3. ಹಾಡು, ಸಿನಿಮಾ, ಬಂದರಿನ ಊರುಗಳ ಮ್ಯಾಪ್ ಎಲ್ಲವನ್ನೂ ಮನೆಯ ವೈಫೈಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳುವುದು.
4. ಪ್ಯಾಕೇಜ್ ಬೇಕಾದರೆ ಹೊರಡುವ ಮೊದಲೇ ಬೆಲೆ ನೋಡುವುದು. ಹಡಗಿನಲ್ಲಿ ಕೊಳ್ಳುವುದಕ್ಕಿಂತ ಮುಂಚಿತವಾಗಿ ಕೊಂಡರೆ ಸಾಮಾನ್ಯವಾಗಿ ಅಗ್ಗ. ಒಂದು ಫೋನಿನ ಪ್ಯಾಕೇಜನ್ನು ಲಾಗ್ ಔಟ್ ಮಾಡಿ ಇನ್ನೊಂದು ಫೋನಿನಲ್ಲಿ ಬಳಸಲು ಅನೇಕ ಕಡೆ ಬಿಡುತ್ತಾರೆ. ಹಾಗಿದ್ದರೆ ಒಂದೇ ಪ್ಯಾಕೇಜ್, ಸರದಿಯ ಮೇಲೆ.

ಸರದಿ ಎಷ್ಟು ಹೊತ್ತು? ದಿನಕ್ಕೆ ಇಪ್ಪತ್ತು ನಿಮಿಷ ಸಾಕು ಎಂದು ನನ್ನ ಅಭಿಪ್ರಾಯ. ಹೆತ್ತವರಿಗೆ ಸ್ನ್ಯಾಪ್‌ಚಾಟ್ ಸ್ಟ್ರೀಕ್ ಎಂದರೆ ಹುಚ್ಚಾಟ. ಮಕ್ಕಳಿಗೆ ಅದು ಮುನ್ನೂರು ದಿನ ಕಾಪಾಡಿದ ಗೆಳೆತನದ ಗುರುತು. 24 ಗಂಟೆಯೊಳಗೆ ಇಬ್ಬರೂ ಒಂದೊಂದು ಸ್ನ್ಯಾಪ್ ಕಳಿಸಿದರೆ ಅದು ಉಳಿಯುತ್ತದೆ, ಐದು ನಿಮಿಷದ ಕೆಲಸ. ಉಳಿದ ಹದಿನೈದು ನಿಮಿಷದಲ್ಲಿ ಕ್ಲಾಸಿನ ಗ್ರೂಪ್ ನೋಡಬಹುದು, ಊರಿನ ಅಜ್ಜಿಗೆ ಒಂದು ಫೋಟೋ ಕಳಿಸಬಹುದು.

ಒಂದು ಮಾತು ಮುಖ್ಯ. ಈ ನಿಯಮ ದೊಡ್ಡವರಿಗೂ ಇರಬೇಕು. ಆ ನಾಲ್ಕು ದಿನ ಹೆಚ್ಚು ಹೊತ್ತು ಫೋನಿನಲ್ಲಿದ್ದದ್ದು ಹುಡುಗನಲ್ಲ, ಚಿಕ್ಕಪ್ಪ. ಆಫೀಸಿನ ಮೆಸೇಜು, ಅದು ಮುಗಿದರೆ ಸ್ಟೇಟಸ್ಸು. ಇದನ್ನು ಈಗ ಅವರೇ ಒಪ್ಪಿಕೊಂಡಿದ್ದಾರೆ.

ಸಂತ ಕಾರ್ಲೊ ಅಕ್ಯುಟಿಸ್ ನಮ್ಮ ಎಲ್ಲ ಯುವಜನ ಕೂಟಗಳಲ್ಲಿ ಪೋಸ್ಟರ್ ಆಗಿದ್ದಾರೆ. 2006ರಲ್ಲಿ 15ನೇ ವಯಸ್ಸಿನಲ್ಲಿ ತೀರಿಕೊಂಡ, 2025ರ ಸೆಪ್ಟೆಂಬರ್ 7ರಂದು ಸಂತರೆಂದು ಘೋಷಿಸಲ್ಪಟ್ಟ ಆ ಹುಡುಗನಿಗೂ ವಿಡಿಯೋ ಗೇಮ್ ಇಷ್ಟವಿತ್ತು. ವಾರಕ್ಕೆ ಒಂದು ಗಂಟೆ ಎಂದು ಮಿತಿ ಇಟ್ಟುಕೊಂಡಿದ್ದರು ಎಂದು ಅವರ ಜೀವನ ಬರೆದವರು ಹೇಳುತ್ತಾರೆ. ಅದೇ ಕಂಪ್ಯೂಟರಿನಲ್ಲಿ ಪರಮಪ್ರಸಾದದ ಅದ್ಭುತಗಳ ಬಗ್ಗೆ ವೆಬ್‌ಸೈಟ್ ಮಾಡಿದರು. ನನಗೆ ಇಲ್ಲಿ ಮುಖ್ಯವಾಗಿ ಕಾಣುವುದು ಆ ಒಂದು ಗಂಟೆಯಲ್ಲ. ಮಿತಿ ಇಟ್ಟುಕೊಂಡದ್ದು ಅವರೇ ಎಂಬುದು.

ನಮ್ಮ ಹಾಸಿಗೆ ಹಾಸುವವರಿಗೂ ಮನೆಯಿದೆ

ಚಿಕ್ಕಮ್ಮ ಹೇಳಿದ ಒಂದು ಸಂಗತಿ ಬಿಡಲಾರೆ. ಅವರ ಕ್ಯಾಬಿನ್ ಸ್ವಚ್ಛ ಮಾಡಲು ಬರುತ್ತಿದ್ದ ಯುವಕ ಗೋವಾದವರು. ಕೊಂಕಣಿಯಲ್ಲಿ ಮಾತಿಗೆ ಸಿಕ್ಕರು. ಅವರ ಮಗಳಿಗೆ ಎರಡು ವರ್ಷ. ಎಂಟು ತಿಂಗಳಿಂದ ಆಕೆಯನ್ನು ಪರದೆಯಲ್ಲಿ ಮಾತ್ರ ನೋಡಿದ್ದಾರೆ. ಗೋವಾ, ಮಂಗಳೂರಿನ ಎಷ್ಟೋ ಕ್ರೈಸ್ತ ಮನೆಗಳ ಅನ್ನ ಹಡಗಿನಿಂದಲೇ ಬರುತ್ತದೆ. ಅವರ ಪಾಲಿಗೆ ಇಂಟರ್ನೆಟ್ ಮನರಂಜನೆಯಲ್ಲ. ನಾವಿಕ ಕಾರ್ಮಿಕರ 2006ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಬಂದ ತಿದ್ದುಪಡಿಯೊಂದು 2024ರ ಡಿಸೆಂಬರ್ 23ರಂದು ಜಾರಿಯಾಗಿದೆ. ಹಡಗಿನ ಕೆಲಸಗಾರರಿಗೆ ಸಾಧ್ಯವಿದ್ದಷ್ಟು ಮಟ್ಟಿಗೆ ಇಂಟರ್ನೆಟ್ ಒದಗಿಸಬೇಕು, ಹಣ ತೆಗೆದುಕೊಂಡರೂ ನ್ಯಾಯವಾದ ದರ ಇರಬೇಕು ಎಂದು ಅದು ಹೇಳುತ್ತದೆ. ಧರ್ಮಸಭೆ ಜುಲೈ ತಿಂಗಳ ಎರಡನೇ ಭಾನುವಾರವನ್ನು ಸಮುದ್ರ ಭಾನುವಾರವೆಂದು ಆಚರಿಸಿ ಇವರಿಗಾಗಿ ಪ್ರಾರ್ಥಿಸುತ್ತದೆ.

ಆ ಯುವಕನ ಮಾತನ್ನು ಚಿಕ್ಕಮ್ಮ ಮಕ್ಕಳಿಗೆ ಅಲ್ಲೇ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನನಗೆ ಅನಿಸಿತು. ಯಾಕೆಂದರೆ ಆ ಎರಡು ವರ್ಷದ ಮಗಳ ಕಥೆ ನಮ್ಮ ಹುಡುಗನ ಕಥೆಯೇ.

ನಮ್ಮಲ್ಲಿ ಕ್ರೂಸಿಗೆ ಹೋಗುವವರು ಎಷ್ಟು ಮಂದಿ ಎಂದು ನೀವು ಕೇಳಬಹುದು. ಕಡಿಮೆ, ನಿಜ. ಆದರೆ ರಜೆಗೆ ಗಲ್ಫಿಗೆ ಹೋಗುವವರಿದ್ದಾರೆ, ವೇಳಾಂಕಣಿಗೆ ಬಸ್ಸಿನಲ್ಲಿ ಹೋಗುವವರಿದ್ದಾರೆ, ಅಪ್ಪ ಒಂದು ತಿಂಗಳ ರಜೆಯಲ್ಲಿ ಮನೆಗೆ ಬರುವವರಿದ್ದಾರೆ. ಬಿಲ್ ಬರುವುದು ಕಡಲಿನಲ್ಲಿ ಮಾತ್ರ. ಎದುರಿಗೆ ಕೂತು ಮಾತು ಸಿಗದೆ ಫೋನ್ ಎತ್ತಿಕೊಳ್ಳುವುದು ಎಲ್ಲ ಕಡೆಯೂ ಇದೆ.

ತಪಸ್ಸುಕಾಲದ ಮೊದಲ ವಾರ ಹುಡುಗ ಮತ್ತೆ ರಾತ್ರಿಯ ತೇರ್ಸಿಗೆ ಬಂದು ಕೂತನಂತೆ. ಚಿಕ್ಕಪ್ಪ ಆ ಕಡೆಯಿಂದ ಬಿಲ್ಲಿನ ಮಾತೆತ್ತಲಿಲ್ಲ. ಸೆಪ್ಟೆಂಬರಿನಲ್ಲಿ ಮೊಂತಿ ಫೆಸ್ತಿಗೆ ಊರಿಗೆ ಬರುತ್ತಾರೆ. ಆ ದಿನ ಹೊಸಕ್ಕಿ ಊಟದ ಹೊತ್ತಿಗೆ ಎಲ್ಲರ ಫೋನುಗಳೂ ಒಳಕೋಣೆಯಲ್ಲಿರಬೇಕು ಎಂದು ನಿಯಮ ಮಾಡಿದವನು ಹುಡುಗನೇ. ಅಪ್ಪನ ಎರಡೂ ಫೋನುಗಳು ಎಂದು ಬಿಡಿಸಿ ಹೇಳಿದ್ದಾನಂತೆ.

ನಮ್ಮ ಘಟಕದ ಮುಂದಿನ ಸಭೆಗೆ ಹೆತ್ತವರನ್ನೂ ಕರೆದುಕೊಂಡು ಬನ್ನಿ. ಇದನ್ನೇ ಮಾತಾಡೋಣ.

ಕ್ರಿಸ್ತನಲ್ಲಿ ನಿಮ್ಮ,
ಯುವ ಘಟಕದ ಅಧ್ಯಕ್ಷೆ