ಏಳಕ್ಷರದ ಊರಿಗೆ ಹನ್ನೆರಡರ ಲೆಕ್ಕ

ಹಳೆಯ ಯುನಿಕ್ಸ್ ಕಾಲದ ಕಮ್ಯಾಂಡ್ ಚಮತ್ಕಾರಗಳ ಮಾತೆತ್ತಿದರೆ ನಮ್ಮ ಸಾಹಿತ್ಯದ ಗೆಳೆಯರು ನಕ್ಕುಬಿಡುತ್ತಾರೆ. 'ಅದು ಇಂಜಿನಿಯರ್ ಮಂದಿ ಆಟ, ನಮಗ್ಯಾಕ್ ಬೇಕ್ರಿ?' ಎನ್ನುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಆ ಆಟ ಶುರುವಾದದ್ದೇ ಬರಹದ ಮೇಲೆ.

ಬೆಲ್ ಲ್ಯಾಬ್ಸ್‌ನಲ್ಲಿ ಒಂದೇ ಯಂತ್ರವನ್ನು ಹಲವರು ಹಂಚಿಕೊಂಡು ಬಳಸುತ್ತಿದ್ದ ಕಾಲ ಅದು. ಎದುರಿಗಿದ್ದದ್ದು ಪರದೆಯಲ್ಲ, ಕಾಗದದ ಮೇಲೆ ಟಕಟಕ ಅಚ್ಚೊತ್ತುವ ಟೆಲಿಟೈಪ್. 1971ರಲ್ಲಿ ಯುನಿಕ್ಸಿನ ಮೊದಲ ಗಿರಾಕಿಗಳಾದವರು ಪೇಟೆಂಟ್ ವಿಭಾಗದ ಟೈಪಿಸ್ಟರು. ಮುಂದೆ ಲೀ ಮೆಕ್‌ಮಹನ್ ಎಂಬವರಿಗೆ ಒಂದು ಪಕ್ಕಾ ಸಾಹಿತ್ಯದ ಸಮಸ್ಯೆ ಎದುರಾಯಿತು. ಅಮೆರಿಕದ 'ಫೆಡರಲಿಸ್ಟ್' ಪ್ರಬಂಧಗಳು ಒಟ್ಟು 85. ಅವುಗಳಲ್ಲಿ ಕೆಲವನ್ನು ಬರೆದವರು ಹ್ಯಾಮಿಲ್ಟನ್ನೋ ಮ್ಯಾಡಿಸನ್ನೋ ಎಂಬ ಜಗಳವಿತ್ತು. ಆಗಿನ ಎಡಿಟರಿನೊಳಗೆ ಅಷ್ಟು ಪಠ್ಯ ಹಿಡಿಸುತ್ತಿರಲಿಲ್ಲ. ಕೆನ್ ಥಾಂಪ್ಸನ್ ಆ ಎಡಿಟರಿನ ಹುಡುಕುವ ಭಾಗವನ್ನಷ್ಟೇ ಕತ್ತರಿಸಿ ತೆಗೆದು ಬೇರೆ ಕಮ್ಯಾಂಡ್ ಮಾಡಿಕೊಟ್ಟರು. ಅದೇ 'ಗ್ರೆಪ್'. ಯಾವ ಬರಹ ಯಾರದು ಎಂಬ ಪ್ರಶ್ನೆ ವಚನ ಓದಿದವರಿಗೆ ಹೊಸದೇ? ಅಂಕಿತ ಒಬ್ಬರದು, ಮಾತು ಇನ್ನೊಬ್ಬರದು ಎಂಬ ವಾದ ನಮ್ಮಲ್ಲಿ ಇನ್ನೂ ತಣ್ಣಗಾಗಿಲ್ಲ. ಆದರೂ 15 ಸಂಪುಟಗಳ 'ಸಮಗ್ರ ವಚನ ಸಂಪುಟ'ದಲ್ಲಿ ಒಂದು ಪದ ಎಷ್ಟು ಸಲ ಬಂದಿದೆ ಎಂದು ಕೇಳಿದರೆ ನಮ್ಮ ಸಂಶೋಧಕ ಬೆರಳು ಮಡಚುತ್ತಾನೆ.

1973ರಲ್ಲಿ 'ಪೈಪ್' ಬಂತು: ಒಂದು ಕಮ್ಯಾಂಡಿನ ಬಾಯಿಂದ ಹೊರಟದ್ದು ಇನ್ನೊಂದರ ಕಿವಿಗೆ. ಅದರ ಕಲ್ಪನೆ ಡಗ್ ಮ್ಯಾಕಿಲ್‌ರಾಯ್ ಅವರದು. ಒಂದು ಬರಹದಲ್ಲಿ ಹೆಚ್ಚು ಬಳಕೆಯಾದ ಪದಗಳನ್ನು ಎಣಿಸಲು ಡೊನಾಲ್ಡ್ ಕ್ನೂತ್ ಪುಟಗಟ್ಟಲೆ ಪ್ರೋಗ್ರಾಂ ಬರೆದಾಗ, ಮ್ಯಾಕಿಲ್‌ರಾಯ್ 1986ರಲ್ಲಿ ಆರು ಕಮ್ಯಾಂಡುಗಳನ್ನು ಪೈಪಿನಿಂದ ಜೋಡಿಸಿ ಅದೇ ಕೆಲಸ ಮಾಡಿ ತೋರಿಸಿದರು. ಎಲ್ಲರೂ ಚಪ್ಪಾಳೆ ತಟ್ಟುವ ಚಮತ್ಕಾರ. ನಾನೂ ತಟ್ಟುತ್ತೇನೆ. ಆದರೆ ಅದರ ಮೊದಲ ಸಾಲು ಎ-ಯಿಂದ ಜೆಡ್‌ವರೆಗಿನ ಅಕ್ಷರಗಳನ್ನು ಬಿಟ್ಟು ಉಳಿದದ್ದನ್ನೆಲ್ಲ ಕಸವೆಂದು ಎಸೆಯುತ್ತದೆ. ಬಸವಣ್ಣನವರ ವಚನಗಳನ್ನೆಲ್ಲ ಸುರಿದರೆ ಆಚೆ ಬರುವುದು ಒಂದು ಖಾಲಿ ಸಾಲು!

ನಮ್ಮೂರು ಮಾದನಹಿಪ್ಪರಗಾ, ಆಳಂದ ತಾಲ್ಲೂಕು. ಮಾ-ದ-ನ-ಹಿ-ಪ್ಪ-ರ-ಗಾ ಎಂದು ಶಾಲೆಯ ಮಗು ಏಳು ಬೆರಳು ಮಡಚುತ್ತದೆ. ಲಿನಕ್ಸಿನ 'ಡಬ್ಲ್ಯುಸಿ' ಕಮ್ಯಾಂಡಿಗೆ ಬೈಟು ಎಷ್ಟೆಂದು ಕೇಳಿದರೆ 36 ಎನ್ನುತ್ತದೆ, ಅಕ್ಷರ ಎಷ್ಟೆಂದು ಕೇಳಿದರೆ 12. ಕಾಗುಣಿತದ ಚಿಹ್ನೆ, ಒತ್ತಿನ ನಡುವಿನ ಹಲಂತ ಎಲ್ಲವೂ ಅದಕ್ಕೆ ಬಿಡಿಬಿಡಿ. ಇದು ಯಾರ ದ್ವೇಷವೂ ಅಲ್ಲ. ಆ ಕೋಣೆಯಲ್ಲಿ ಕನ್ನಡ ಓದುವವರು ಇರಲಿಲ್ಲ, ಅಷ್ಟೇ. ಈಗಲೂ ಅಲ್ಲಿಗೆ ಹೋಗಲೊಲ್ಲೆವು ಎನ್ನುವವರು ನಾವೇ. ಇಂಜಿನಿಯರಿಂಗ್ ಹುಡುಗರು ಈ ಕಮ್ಯಾಂಡುಗಳನ್ನು ರೆಕಾರ್ಡ್ ಪುಸ್ತಕಕ್ಕೆ ನಕಲು ಮಾಡಿ ಸಹಿ ಹಾಕಿಸಿಕೊಳ್ಳುತ್ತಾರೆ. ಕನ್ನಡ ಎಂ.ಎ. ಹುಡುಗರಿಗೆ ಆ ನಕಲೂ ಇಲ್ಲ. ಅಕ್ಷರ ಎಂದರೇನು ಎಂದು ಯಂತ್ರಕ್ಕೆ ಹೇಳಬೇಕಾದವರು ಕೇಶಿರಾಜನನ್ನು ಓದಿದವರಲ್ಲದೆ ಮತ್ಯಾರು?

'ಈಗ ಆ್ಯಪ್ ಇದೆ, ಎಐ ಇದೆ' ಎನ್ನುವವರು ತಮ್ಮ ವಿಭಾಗದ ಹಳೆಯ ಕಂಪ್ಯೂಟರನ್ನೊಮ್ಮೆ ತೆರೆಯಲಿ. ಯೂನಿಕೋಡಿಗೆ ಮುಂಚಿನ ಫಾಂಟುಗಳಲ್ಲಿ ಬೆರಳಚ್ಚಾದ ಪ್ರಬಂಧಗಳು ಅಲ್ಲಿ ಬಿದ್ದಿರುತ್ತವೆ. ಫಾಂಟು ತೆಗೆದರೆ ಕನ್ನಡವಿಲ್ಲ, ಅಡ್ಡಾದಿಡ್ಡಿ ಇಂಗ್ಲಿಷ್ ಅಕ್ಷರಗಳು. ಅವುಗಳೊಳಗೆ ಗ್ರೆಪ್ ಹಾಕಿ 'ಬಸವಣ್ಣ' ಎಂದು ಹುಡುಕಿ ನೋಡಿ, ಒಂದೂ ಸಿಗುವುದಿಲ್ಲ.