ಕೇಳದೆ ಎಸೆಯಬೇಡಿ

ಯಾವ ಪಿ.ಜಿ.ಗೆ ಹೋದರೂ ಅಲ್ಲೊಂದು ಕುರ್ಚಿ ಇರುತ್ತದೆ. ಅದರ ಮೇಲೆ ಯಾರಾದರೂ ಕುಳಿತಿದ್ದನ್ನು ಕಂಡವರಿಲ್ಲ. ಒಗೆದ ಬಟ್ಟೆ, ಒಗೆಯಬೇಕಾದ ಬಟ್ಟೆ, ಇನ್ನೂ ಒಂದು ದಿನ ಹಾಕಬಹುದಾದ ಬಟ್ಟೆ ಎಲ್ಲದಕ್ಕೂ ಅದೇ ಜಾಗ. ಊರಿಂದ ಅಪ್ಪ ಅಮ್ಮ ಬರುತ್ತಾರೆಂದರೆ ಅರ್ಧ ಗಂಟೆಯಲ್ಲಿ ಕುರ್ಚಿ ಖಾಲಿ. ನಮ್ಮಲ್ಲಿ ಹೆಚ್ಚಿನವರ ಕಥೆ ಇಷ್ಟೇ. ಆದರೆ ಆ ಅರ್ಧ ಗಂಟೆಯ ಕೆಲಸ ಆರು ತಿಂಗಳಾದರೂ ಕೈಗೂಡದವರಿದ್ದಾರೆ. ಅವರನ್ನು ‘ಸೋಮಾರಿ’ ಎಂದು ಕರೆದು ನಾವು ಮಾತು ಮುಗಿಸಿಬಿಡುತ್ತೇವೆ.

ನನ್ನ ದೊಡ್ಡಮ್ಮನ ಮಗಳು ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಬೇರೆಯವರ ಕೋಡ್‌ನಲ್ಲಿ ಯಾರಿಗೂ ಕಾಣದ ತಪ್ಪು ಹುಡುಕುತ್ತಾಳೆ. ತನ್ನ ಮನೆಯಲ್ಲಿ ಕರೆಂಟ್ ಬಿಲ್ ಎಲ್ಲಿದೆ ಎಂದು ಕೇಳಿದರೆ ಅವಳ ಕಣ್ಣು ತುಂಬುತ್ತದೆ. ಎಡಿಎಚ್‌ಡಿ ಇದೆ ಎಂದು ಗೊತ್ತಾಗಿದ್ದು 25ನೇ ವಯಸ್ಸಿನಲ್ಲಿ. ಅಲ್ಲಿಯವರೆಗೆ ಕೇಳಿದ್ದು ಒಂದೇ ಮಾತು: ‘ಹೆಣ್ಣುಮಗಳು ಮನೆ ಹೀಗಾ ಇಟ್ಕೊಳ್ಳೋದು?’ ನನ್ನ ಹಾಸ್ಟೆಲ್ ಕೋಣೆ ಅದಕ್ಕಿಂತ ಕೆಟ್ಟದಾಗಿದ್ದರೂ ನನಗೆ ಯಾರೂ ಇದನ್ನು ಹೇಳಿದ್ದಿಲ್ಲ. (ಅಕ್ಕನನ್ನು ಕೇಳಿಯೇ ಇದನ್ನೆಲ್ಲ ಬರೆಯುತ್ತಿದ್ದೇನೆ.)

‘ಮನೆ ಸ್ವಲ್ಪ ಓರಣ ಮಾಡು’ ಎನ್ನುವುದು ನಮಗೆ ಒಂದು ಕೆಲಸ. ಎಡಿಎಚ್‌ಡಿ ಇರುವವರಿಗೆ ಅದು ನೂರು ತೀರ್ಮಾನ. ಈ ಚೀಟಿ ಬೇಕೋ ಬೇಡವೋ? ಬೇಕಾದರೆ ಎಲ್ಲಿಡಬೇಕು? ಅಲ್ಲಿಟ್ಟರೆ ನಾಳೆ ನೆನಪಾಗುತ್ತದೆಯೇ? ಬೀರುವಿನೊಳಗೆ ಇಟ್ಟು ಬಾಗಿಲು ಹಾಕಿದರೆ ಆ ವಸ್ತು ಎಷ್ಟೋ ಸಲ ತಲೆಯಿಂದಲೇ ಹೋಗಿಬಿಡುತ್ತದೆ. ಹಾಗಾಗಿ ಮುಖ್ಯವಾದದ್ದೆಲ್ಲ ಕಣ್ಣೆದುರು, ಮೇಜಿನ ಮೇಲೆ, ನೆಲದ ಮೇಲೆ ಉಳಿಯುತ್ತದೆ. ಹೊರಗಿನವರಿಗೆ ಅದು ರಾಶಿ, ಅವಳಿಗೆ ಅದು ನೆನಪಿನ ಪಟ್ಟಿ. ಆಟಿಸಂ ಇರುವವರ ಕಷ್ಟ ಬೇರೆ ರೀತಿಯದು. ಕೆಲವರಿಗೆ ಫಿನಾಯಿಲ್ ವಾಸನೆ, ವ್ಯಾಕ್ಯೂಮ್ ಕ್ಲೀನರ್ ಸದ್ದು ತಡೆಯಲಾಗದು. ಇನ್ನು ಕೆಲವರಿಗೆ ಲೋಟದ ಜಾಗ ಬದಲಾದರೂ ಇಡೀ ದಿನ ಕಸಿವಿಸಿ.

ಇದರ ಮೇಲೆ ಬೆಂಗಳೂರಿನ ಕಸದ ಲೆಕ್ಕ. ಹಸಿ ಕಸ, ಒಣ ಕಸ, ಸ್ಯಾನಿಟರಿ ಕಸ ಬೇರೆ ಬೇರೆ ಮಾಡಬೇಕು. ಒಣ ಕಸಕ್ಕೆ ಬೇರೆ ದಿನ. ನಿಯಮ ಸರಿಯಾದದ್ದೇ, ನನ್ನ ತಕರಾರಿಲ್ಲ. ಆದರೆ ಬೆಳಿಗ್ಗೆ ಗಾಡಿಯ ಹಾಡು ಕೇಳಿ ಕೆಳಗೆ ಓಡುವಷ್ಟರಲ್ಲಿ ಅದು ಮುಂದಿನ ರಸ್ತೆಯಲ್ಲಿರುತ್ತದೆ. ಒಂದು ವಾರ ತಪ್ಪಿದರೆ ಚೀಲ ಬಾಲ್ಕನಿಯಲ್ಲಿ, ಎರಡು ವಾರ ತಪ್ಪಿದರೆ ಮನೆ ಮಾಲೀಕರ ಗದರಿಕೆ, ಅದಾದ ಮೇಲೆ ಯಾರನ್ನೂ ಮನೆಯೊಳಗೆ ಕರೆಯಲು ನಾಚಿಕೆ. ನೆರವು ಬೇಕಾದ ಹೊತ್ತಿನಲ್ಲೇ ಬಾಗಿಲು ಮುಚ್ಚಿಕೊಳ್ಳುತ್ತದೆ.

ಕಳೆದ ವರ್ಷ ಗೌರಿ ಹಬ್ಬಕ್ಕೆ ಮೊದಲು ಬಂಧುಗಳು ಬಂದರು. ಅಕ್ಕ ಆಫೀಸಿನಲ್ಲಿದ್ದಾಗ, ಒಳ್ಳೆಯ ಮನಸ್ಸಿನಿಂದಲೇ, ಇಡೀ ಮನೆ ಒತ್ತರಿಸಿದರು. ಹಳೇ ಕಾಗದವನ್ನೆಲ್ಲ ಗುಜರಿಯವನಿಗೆ ಹಾಕಿದರು. ಅದರ ಜೊತೆ ಎರಡು ಸೆಮಿಸ್ಟರ್‌ಗಳ ಮೂಲ ಮಾರ್ಕ್ಸ್ ಕಾರ್ಡ್ ಕೂಡ ಹೋಯಿತು. ಆಗಷ್ಟೇ ಅವಳಿಗೆ ಹೊಸ ಕಂಪನಿಯಿಂದ ಆಫರ್ ಬಂದಿತ್ತು. ನಕಲು ಪ್ರತಿಗೆ ಅಫಿಡವಿಟ್, ಅರ್ಜಿ, ಶುಲ್ಕ, ಕಚೇರಿ ಸುತ್ತಾಟ. ಅಂದರೆ, ಯಾವ ಬಗೆಯ ಕೆಲಸ ಅವಳಿಂದ ಆಗುವುದಿಲ್ಲವೋ ಅದನ್ನೇ ತಲೆಯ ಮೇಲೆ ಹೇರಿ ಹೋಗಿದ್ದರು. ಲ್ಯಾಬ್‌ನಲ್ಲಿ ಇನ್ನೊಬ್ಬನ ಕೋಡ್ ಅರ್ಥವಾಗಲಿಲ್ಲವೆಂದು ಅಳಿಸಿಹಾಕಿದರೆ ನಮ್ಮ ಮೇಷ್ಟ್ರು ಸುಮ್ಮನಿರುತ್ತಾರೆಯೇ? ಮನೆಯ ವಿಷಯದಲ್ಲಿ ಮಾತ್ರ ಅದನ್ನು ‘ಸಹಾಯ’ ಎನ್ನುತ್ತೇವೆ.

ಈಗ ಶನಿವಾರ ನಾನು ಹೋಗುತ್ತೇನೆ. ದೊಡ್ಡದೇನೂ ಮಾಡುವುದಿಲ್ಲ. ಪಕ್ಕದಲ್ಲಿ ಕುಳಿತು ನನ್ನ ರೆಕಾರ್ಡ್ ಬರೆಯುತ್ತೇನೆ, ಅವಳು 20 ನಿಮಿಷದ ಟೈಮರ್ ಇಟ್ಟು ಒಂದು ಮೂಲೆಯನ್ನಷ್ಟೇ ನೋಡುತ್ತಾಳೆ. ಇನ್ನೊಬ್ಬರು ಜೊತೆಗಿದ್ದರೆ ಕೆಲಸ ಶುರುವಾಗುತ್ತದೆ. ಎಡಿಎಚ್‌ಡಿ ಇರುವ ಅನೇಕರು ಬಳಸುವ ಈ ಉಪಾಯಕ್ಕೆ ‘ಬಾಡಿ ಡಬ್ಲಿಂಗ್’ ಎನ್ನುತ್ತಾರೆ. ನಾನು ಕೈಗೆ ವಸ್ತು ಕೊಡುತ್ತೇನೆ, ಇಡುವುದೋ ಬಿಡುವುದೋ ಅವಳದೇ ಮಾತು. ತೀರ್ಮಾನವಾಗದ್ದು ‘ಗೊತ್ತಿಲ್ಲ’ ಎಂದು ಬರೆದ ಡಬ್ಬಕ್ಕೆ. ಮುಚ್ಚಳದ ಪೆಟ್ಟಿಗೆಗಳ ಬದಲು ಒಳಗಿರುವುದು ಕಾಣುವ ಡಬ್ಬ, ಬೀಗದ ಕೈಗೆ ಬಾಗಿಲ ಪಕ್ಕವೇ ಮೊಳೆ. ಮನೆ ಜಾಹೀರಾತಿನ ಹಾಗೆ ಕಾಣುವುದಿಲ್ಲ. ಗ್ಯಾಸ್ ಒಲೆಯ ಸುತ್ತ ಜಾಗವಿದೆ, ರಾತ್ರಿ ಎಡವದೆ ಬಾತ್‌ರೂಮಿಗೆ ಹೋಗಬಹುದು. ಸದ್ಯಕ್ಕೆ ಅಷ್ಟು ಸಾಕು.

ಹಾಗಾದರೆ ಮನೆ ಕ್ಲೀನ್ ಮಾಡುವ ಆ್ಯಪ್‌ಗಳಿವೆಯಲ್ಲ ಎನ್ನಬಹುದು. ಅವರು ಬರುವುದು ಗಂಟೆ ಲೆಕ್ಕದಲ್ಲಿ. ನೆಲ ಹೊಳೆಯುತ್ತದೆ, ಕಾಗದದ ರಾಶಿ ಅಲ್ಲೇ ಇರುತ್ತದೆ. ಗಡಿಬಿಡಿಯಲ್ಲಿರುವ ಅವರಿಂದ ಅದನ್ನು ನಿರೀಕ್ಷಿಸುವುದೂ ನ್ಯಾಯವಲ್ಲ. ಇನ್ನು ರೀಲ್ಸ್‌ನಲ್ಲಿ ಯಾರದೋ ಕೊಳಕು ಮನೆ ತೋರಿಸಿ, ಸಂಗೀತ ಹಾಕಿ, ‘ಮೊದಲು-ಆಮೇಲೆ’ ಎಂದು ಲೈಕ್ ಗಿಟ್ಟಿಸುವವರ ಬಗ್ಗೆ ನನಗೆ ಸಿಟ್ಟೇ ಇದೆ. ಒಬ್ಬರ ಅತ್ಯಂತ ಸೋತ ದಿನ ನಮ್ಮ ಮನರಂಜನೆಯ ಸರಕಲ್ಲ.

ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರ 5ನೇ ಸೆಕ್ಷನ್ ಸಮುದಾಯದಲ್ಲಿ ಬದುಕುವ ಹಕ್ಕಿನ ಬಗ್ಗೆ ಹೇಳುತ್ತದೆ. ಮನೆಯಲ್ಲೇ ಸಿಗಬೇಕಾದ ನೆರವು, ವೈಯಕ್ತಿಕ ಸಹಾಯದ ಮಾತೂ ಅಲ್ಲಿದೆ. ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಆಟಿಸಂ ಇದೆ, ಡಿಸ್ಲೆಕ್ಸಿಯಾದಂತಹ ಕಲಿಕಾ ನ್ಯೂನತೆಗಳಿವೆ. ಎಡಿಎಚ್‌ಡಿಯ ಹೆಸರಿಲ್ಲ. ಕಟ್ಟಡಕ್ಕೊಂದು ರ‍್ಯಾಂಪ್ ಬೇಕೆಂದರೆ ಇವತ್ತು ಯಾರೂ ನಗುವುದಿಲ್ಲ. ವಾರಕ್ಕೆರಡು ಗಂಟೆ ಮನೆಯಲ್ಲಿ ಜೊತೆಗೆ ಕೂರುವ ಒಬ್ಬರು ಬೇಕೆಂದರೆ ನಗುತ್ತಾರೆ.

ಇದನ್ನು ಕೆಲಸವಾಗಿ ಯಾಕೆ ನೋಡಬಾರದು? ಮನಃಶಾಸ್ತ್ರ, ಎಂಎಸ್‌ಡಬ್ಲ್ಯು ಓದಿ ಕೆಲಸ ಹುಡುಕುತ್ತಿರುವ ಎಷ್ಟೋ ಮಂದಿ ಈ ಪುಟ ಓದುತ್ತಿದ್ದೀರಿ. ಕೇಳಿ ಮುಟ್ಟುವುದು, ಕಂಡದ್ದನ್ನು ಹೊರಗೆ ಹೇಳದಿರುವುದು, ಫೋಟೊ ತೆಗೆಯದಿರುವುದು, ಕಾಗದಪತ್ರ ವಿಂಗಡಿಸುವುದು ಇವನ್ನೆಲ್ಲ ಒಂದು ಚಿಕ್ಕ ತರಬೇತಿಯಲ್ಲಿ ಕಲಿಸಬಹುದು. ಎನ್‌ಎಸ್‌ಎಸ್‌ನಲ್ಲಿ ವರ್ಷಕ್ಕೆ 120 ಗಂಟೆ ಸೇವೆ ಇದೆ. ಅದರಲ್ಲಿ ಹತ್ತು ಗಂಟೆ ಈ ತರಬೇತಿಗೆ ಕೊಟ್ಟರೂ ಪ್ರತಿ ಕಾಲೇಜಿನಿಂದ ಕೆಲವರು ಸಿಗುತ್ತಾರೆ. ಆದರೆ ಮನೆಗೆ ಹೋಗಿ ಮಾಡುವ ಕೆಲಸಕ್ಕೆ ಸಂಬಳ ಇರಲೇಬೇಕು. ಪುಕ್ಕಟೆ ಸೇವೆ ಮೂರನೇ ವಾರಕ್ಕೆ ನಿಂತುಹೋಗುವುದನ್ನು ನಾವೆಲ್ಲ ನೋಡಿದ್ದೇವೆ.

ಮುಂದಿನ ಸೆಮಿಸ್ಟರ್‌ಗೆ ನನಗೆ ಹೈದರಾಬಾದ್‌ನಲ್ಲಿ ಇಂಟರ್ನ್‌ಶಿಪ್ ಸಿಗುವ ಹಾಗಿದೆ. ಆರು ತಿಂಗಳು ಶನಿವಾರಗಳಿಲ್ಲ. ಅಷ್ಟರೊಳಗೆ ಅಕ್ಕನ ಜೊತೆ ಕೂರುವ ಒಬ್ಬರನ್ನು ಹುಡುಕಬೇಕು. ಗಂಟೆಗೆ ಇಷ್ಟು ಎಂದು ದುಡ್ಡು ಕೊಡಲು ಅವಳು ಸಿದ್ಧಳಿದ್ದಾಳೆ. ಎರಡು ತಿಂಗಳಿಂದ ವಿಚಾರಿಸುತ್ತಿದ್ದೇವೆ. ಇದುವರೆಗೆ ಸಿಕ್ಕವರೆಲ್ಲ ಮೊದಲು ಕೇಳಿದ್ದು, ‘ಟೂ ಬಿಎಚ್‌ಕೆನಾ, ಒನ್ ಬಿಎಚ್‌ಕೆನಾ?’