ನರಕವೆಂಬ ಬೇಲಿ, ಯಾರ ಹೊಲಕ್ಕೆ?

ಸುರಪುರ ತಾಲ್ಲೂಕಿನ ತಿಂಥಣಿಯಲ್ಲಿ, ಕೃಷ್ಣೆಯ ದಂಡೆಯ ಮೇಲಿರುವ ಮೌನೇಶ್ವರರ ಗುಡಿಗೆ ಹಿಂದೂಗಳೂ ನಡೆದುಕೊಳ್ಳುತ್ತಾರೆ, ಮುಸ್ಲಿಮರೂ ನಡೆದುಕೊಳ್ಳುತ್ತಾರೆ. ಕೆಲವರ ಬಾಯಲ್ಲಿ ಅವರು ಮೋನಪ್ಪಯ್ಯ, ಕೆಲವರ ಬಾಯಲ್ಲಿ ಮೌನುದ್ದೀನ್. ಜಾತ್ರೆಯಲ್ಲಿ ಮೊಳಗುವ ಜಯಘೋಷ ಒಂದು ಲಕ್ಷ 80 ಸಾವಿರ ಪೀರರನ್ನು ನೆನೆದು ಮೌನೇಶ್ವರರ ಹೆಸರಿಗೆ ಬಂದು ನಿಲ್ಲುತ್ತದೆ. ಅಲ್ಲಿ ಕೈಮುಗಿದು ನಿಂತ ಇಬ್ಬರು ಭಕ್ತರ ಪರಲೋಕ ಮಾತ್ರ ಒಂದೇ ಅಲ್ಲ. ಒಬ್ಬನದು ಚಿತ್ರಗುಪ್ತನ ಲೆಕ್ಕ, ವೈತರಣಿ, ಭಾಗವತದ ಐದನೇ ಸ್ಕಂಧ ಹೆಸರು ಹಿಡಿದು ವಿವರಿಸುವ 28 ನರಕಗಳು. ಇನ್ನೊಬ್ಬನದು ಕಯಾಮತ್ತಿನ ದಿನದ ತೀರ್ಪು, ದೋಜಖ್‌ನ ಬೆಂಕಿ. ಎರಡೂ ಕಡೆಯ ಕಟ್ಟಾ ವ್ಯಾಖ್ಯಾನಕಾರರನ್ನು ಕೇಳಿದರೆ ಒಬ್ಬರ ನರಕದಲ್ಲಿ ಇನ್ನೊಬ್ಬರಿಗೆ ಜಾಗ ಕಾದಿರಿಸಿದ್ದಾರೆ. ಆದರೂ ಶತಮಾನಗಳಿಂದ ಈ ಜನ ಒಂದೇ ಗದ್ದುಗೆಗೆ ತಲೆಬಾಗಿದ್ದಾರೆ. ಹಾಗಾದರೆ ಮನುಷ್ಯರನ್ನು ನೆಟ್ಟಗೆ ನಡೆಸುವುದು ನರಕದ ಅಂಜಿಕೆ ಎಂದು ನಾವು ಅಷ್ಟು ಸಲೀಸಾಗಿ ಹೇಳುವ ಮಾತು ಎಷ್ಟರಮಟ್ಟಿಗೆ ನಿಜ? 'ಜನರಿಗೆ ಪಾಪಭೀತಿ ಹೋಯಿತು, ಅದಕ್ಕೇ ಕಾಲ ಕೆಟ್ಟಿತು' ಎಂಬುದು ಕಟ್ಟೆಯ ಮೇಲೂ ಕೇಳುತ್ತದೆ, ವೇದಿಕೆಯ ಮೇಲೂ ಕೇಳುತ್ತದೆ. ಆ ಮಾತನ್ನು ಒಮ್ಮೆ ಒರೆಗೆ ಹಚ್ಚಿ ನೋಡಬೇಕು.

ಮೊದಲು ಆ ಮಾತಿನ ಪರವಾಗಿರುವ ಪುರಾವೆಯನ್ನು ಪ್ರಾಮಾಣಿಕವಾಗಿ ಮುಂದಿಡೋಣ, ಏಕೆಂದರೆ ಅದು ಹಗುರವಾದದ್ದಲ್ಲ. ಸಂಶೋಧಕರಾದ ಅಜೀಮ್ ಶರೀಫ್ ಮತ್ತು ಮೈಕೆ ರೆಮ್‌ತುಲ್ಲಾ 2012ರಲ್ಲಿ 67 ದೇಶಗಳ 1,43,197 ಜನರ ಸಮೀಕ್ಷೆಯ ಉತ್ತರಗಳನ್ನು ಆಯಾ ದೇಶದ ಅಪರಾಧದ ಅಂಕಿಗಳೊಂದಿಗೆ ಹೋಲಿಸಿ ನೋಡಿದರು. ನರಕವನ್ನು ನಂಬುವವರು ಹೆಚ್ಚಿರುವ ದೇಶಗಳಲ್ಲಿ ಅಪರಾಧ ಕಡಿಮೆ ಕಂಡಿತು. ಸ್ವರ್ಗದ ನಂಬಿಕೆ ಮಾತ್ರ ಮುಂದಿದ್ದಲ್ಲಿ ಅಪರಾಧ ಹೆಚ್ಚೇ ಇತ್ತು. ಇದೇ ಶರೀಫ್ ಮನೋವಿಜ್ಞಾನಿ ಅರಾ ನೊರೆಂಜಾಯನ್ ಜೊತೆ ಸೇರಿ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಯಾರೂ ನೋಡುತ್ತಿಲ್ಲ ಎಂಬ ಭಾವನೆ ಹುಟ್ಟಿಸಿ ವಿದ್ಯಾರ್ಥಿಗಳಿಗೆ ಲೆಕ್ಕ ಬಿಡಿಸಲು ಕೊಟ್ಟಿದ್ದರು. ಆಸ್ತಿಕರು, ನಾಸ್ತಿಕರು ಎಂದು ವಿಂಗಡಿಸಿದಾಗ ಮೋಸದಲ್ಲಿ ವ್ಯತ್ಯಾಸ ಸಿಗಲಿಲ್ಲ. ದೇವರು ದಂಡಿಸುವವನು ಎಂದು ನಂಬಿದವರು ಮಾತ್ರ, ದೇವರು ಕ್ಷಮಿಸುವವನು ಎಂದು ನಂಬಿದವರಿಗಿಂತ ಕಡಿಮೆ ಮೋಸ ಮಾಡಿದರು. ಅಂಜಿಕೆಗೆ ಬಲವಿದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ದೇಶಗಳ ಹೋಲಿಕೆ ಎರಡು ಸಂಗತಿ ಜೊತೆಗಿವೆ ಎನ್ನುತ್ತದೆಯೇ ಹೊರತು ಒಂದರಿಂದ ಇನ್ನೊಂದು ಹುಟ್ಟಿತು ಎನ್ನುವುದಿಲ್ಲ. ಡೆನ್ಮಾರ್ಕ್, ಸ್ವೀಡನ್‌ನಂಥ ಕಡೆ ನರಕವನ್ನು ನಂಬುವವರು ಬಹಳ ಕಡಿಮೆ, ಕೊಲೆಗಳೂ ಕಡಿಮೆ. ಮನೆಮನೆಯಲ್ಲೂ ನರಕದ ನಂಬಿಕೆ ಗಟ್ಟಿಯಾಗಿದ್ದ ಮಧ್ಯಯುಗದ ಯುರೋಪಿನಲ್ಲಿ ಕೊಲೆಯ ಪ್ರಮಾಣ ಇಂದಿನದಕ್ಕಿಂತ ಹತ್ತಾರು ಪಟ್ಟು ಹೆಚ್ಚಿತ್ತು.

ಇದರ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಇಟಲಿಯ ಬೆಕಾರಿಯಾ 1764ರಷ್ಟು ಹಿಂದೆಯೇ ತನ್ನ ಪುಸ್ತಕದಲ್ಲಿ ವಾದಿಸಿದ್ದ: ಮನುಷ್ಯನನ್ನು ತಡೆಯುವುದು ಶಿಕ್ಷೆಯ ಕ್ರೌರ್ಯವಲ್ಲ, ಅದು ತಪ್ಪದೆ ಬರುತ್ತದೆ, ಬೇಗ ಬರುತ್ತದೆ ಎಂಬ ಖಾತ್ರಿ. ಅಪರಾಧಶಾಸ್ತ್ರದ ಇಂದಿನ ಅಧ್ಯಯನಗಳೂ ಬಹುಮಟ್ಟಿಗೆ ಅದನ್ನೇ ಹೇಳುತ್ತವೆ. ನರಕ ಇದಕ್ಕೆ ತದ್ವಿರುದ್ಧ. ಅದರಷ್ಟು ಘೋರ ಶಿಕ್ಷೆ ಬೇರೊಂದಿಲ್ಲ, ಅದರಷ್ಟು ತಡವಾಗಿ ಬರುವುದೂ ಬೇರೊಂದಿಲ್ಲ, ತಪ್ಪಿಸಿಕೊಳ್ಳುವ ದಾರಿಗಳಿಗೂ ಕೊರತೆಯಿಲ್ಲ. ತೀರ್ಥಸ್ನಾನ, ದಾನ, ಪ್ರಾಯಶ್ಚಿತ್ತ, ಕೊನೆಗಾಲದ ನಾಮಸ್ಮರಣೆ. ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಸಾಲದ ತಕರಾರು ಬಂದಾಗ ಹಿರಿಯರು 'ಭಂಡಾರ ಮುಟ್ಟಿ ಆಣಿ ಮಾಡು' ಎನ್ನುತ್ತಾರೆ. ಸುಳ್ಳುಗಾರ ಅಲ್ಲಿ ಹಿಂಜರಿಯುವುದುಂಟು. ಅವನ ಕಣ್ಣಮುಂದಿರುವುದು ಕುಂಭೀಪಾಕ ನರಕವಲ್ಲ. ಮನೆಯ ಮಗುವಿಗೆ ಏನಾದರೂ ಆದೀತು, ಬೆಳೆ ಕೈಕೊಟ್ಟೀತು ಎಂಬ ಹತ್ತಿರದ ಭಯ, ಜೊತೆಗೆ ಸುತ್ತ ನಿಂತು ನೋಡುತ್ತಿರುವ ಊರವರು. ಊರಿನ ಕಣ್ಣು ತಪ್ಪಿಸಿದ ಮೇಲೆ, ಸತ್ತ ನಂತರದ ಎಣ್ಣೆ ಕೊಪ್ಪರಿಗೆಯನ್ನು ನೆನೆದು ತೂಕದ ಕಲ್ಲನ್ನು ಸರಿಪಡಿಸಿದ ವ್ಯಾಪಾರಿಗಳು ವಿರಳ.

ಕರ್ನಾಟಕದ ಮಟ್ಟಿಗೆ ಈ ಪ್ರಶ್ನೆಗೆ ಬಹಳ ಒಳ್ಳೆಯ ಸಾಕ್ಷಿ ಕಲ್ಲಿನ ಮೇಲಿದೆ. ಈ ನೆಲದಲ್ಲಿ ಸಿಕ್ಕ ಸಾವಿರಾರು ದಾನಶಾಸನಗಳ ಕೊನೆಯಲ್ಲಿ ಶಾಪವಾಕ್ಯ ಬರುತ್ತದೆ. ಹಳೆಯ ಹಲ್ಮಿಡಿ ಶಾಸನದಲ್ಲೇ ದಾನವನ್ನು ಅಳಿದವನಿಗೆ ಮಹಾಪಾತಕದ ಎಚ್ಚರಿಕೆ ಇದೆ. ಚಾಲುಕ್ಯ, ಹೊಯ್ಸಳರ ಕಾಲಕ್ಕೆ ಅದು ಇನ್ನೂ ಬೆಳೆಯಿತು: ಕೊಟ್ಟ ಭೂಮಿಯನ್ನು ಕಿತ್ತುಕೊಂಡವನು 60 ಸಾವಿರ ವರ್ಷ ಮಲದಲ್ಲಿ ಹುಳುವಾಗಿ ಹುಟ್ಟುತ್ತಾನೆ, ವಾರಣಾಸಿಯಲ್ಲಿ, ಕುರುಕ್ಷೇತ್ರದಲ್ಲಿ ಕವಿಲೆ ಹಸುಗಳನ್ನು ಕೊಂದ ಪಾಪ ಅವನಿಗೆ ತಟ್ಟುತ್ತದೆ. ಕೆಲವೆಡೆ ಓದಲು ಬಾರದವರಿಗೂ ಈ ಶಾಪ ತಿಳಿಯಲೆಂದು ಕತ್ತೆಯ ಚಿತ್ರವನ್ನೇ ಕೆತ್ತಿದ್ದಾರೆ. ನರಕ ಇಷ್ಟು ಬಹಿರಂಗವಾಗಿ, ಇಷ್ಟು ಶತಮಾನ, ಆಸ್ತಿಕ್ಯದಲ್ಲಿ ಸಂಶಯವೇ ಇಲ್ಲದ ಜನರ ನಡುವೆ ಕಾವಲು ನಿಂತ ಉದಾಹರಣೆ ಬೇರೆ ಕಡೆ ಸಿಗುವುದು ಕಷ್ಟ. ಆ ಕಾವಲು ಸಾಕಾಯಿತೇ? ನಿಂತುಹೋದ ದತ್ತಿಯನ್ನು ಮತ್ತೆ ಬಿಡಿಸಿಕೊಟ್ಟ ಸಂಗತಿಯನ್ನೂ ಶಾಸನಗಳೇ ದಾಖಲಿಸುತ್ತವೆ. ಅದಕ್ಕಿಂತ ದೊಡ್ಡ ಸಾಕ್ಷಿ ಕೂಟಶಾಸನಗಳು, ಅಂದರೆ ನಕಲಿ ಶಾಸನಗಳು. ಗಂಗರ ಹೆಸರಿನ ಎಷ್ಟೋ ತಾಮ್ರಪಟಗಳು ನಕಲಿ ಎಂದು ಶಾಸನತಜ್ಞ ಜೆ.ಎಫ್. ಫ್ಲೀಟ್ ವಾದಿಸಿದರು. ಕೆಲವನ್ನು ಮುಂದಿನ ವಿದ್ವಾಂಸರು ಅಸಲಿ ಎಂದು ಒಪ್ಪಿದರೂ, ಕೂಟಶಾಸನಗಳು ಇದ್ದವು ಎಂಬುದರಲ್ಲಿ ಅನುಮಾನವಿಲ್ಲ. ಇನ್ನೊಬ್ಬರ ಭೂಮಿಯ ಮೇಲೆ ಹಕ್ಕು ಸಾಧಿಸಲು ರಾಜನ ಹೆಸರಿನಲ್ಲಿ ಸುಳ್ಳು ಪಟ ಬರೆಸಿದವನು ಅದರ ಕೊನೆಯಲ್ಲಿ ಭೂಮಿ ಕದ್ದವನಿಗೆ ನರಕ ಎಂಬ ಶ್ಲೋಕವನ್ನೂ ತಪ್ಪದೆ ಕೆತ್ತಿಸುತ್ತಿದ್ದ. ಬೇಲಿಯೇ ಎದ್ದು ಹೊಲ ಮೇಯ್ದ ಕತೆ ಇದು. ಅವನು ನಾಸ್ತಿಕನೇನಲ್ಲ. ನರಕ ಎದುರಾಳಿಗೆ ಇರುವುದು ಎಂದು ಅವನು ನಂಬಿದ್ದಿರಬೇಕು.

ನನ್ನ ಮುಖ್ಯ ವಾದ ಇಲ್ಲಿದೆ. ನರಕ ಒಂದು ಬೇಲಿ. ಬೇಲಿಗೆ ತಾನು ಕಾಯುತ್ತಿರುವ ಹೊಲ ಯಾರದು, ಅದನ್ನು ಯಾರಿಂದ ಕಿತ್ತುಕೊಂಡದ್ದು ಎಂಬುದು ಗೊತ್ತಿರುವುದಿಲ್ಲ. ಯಾವುದು ಪಾಪ ಎಂದು ಸಮಾಜ ಮೊದಲೇ ತೀರ್ಮಾನಿಸಿದೆಯೋ ಅದಕ್ಕೆ ನರಕ ಬಲ ಕೊಡುತ್ತದೆ; ಆ ತೀರ್ಮಾನ ನ್ಯಾಯವೇ ಎಂದು ಅದು ಕೇಳುವುದಿಲ್ಲ. ಜೈನ ಗುರುಗಳು ಪ್ರಾಣಿಹಿಂಸೆಯನ್ನು ಪಾಪದ ಪಟ್ಟಿಗೆ ಸೇರಿಸಿ ಹೊಲವನ್ನು ಅಗಲಿಸಿದಾಗ ಅಂಜಿಕೆ ಕರುಣೆಯ ಕಡೆಗೆ ದುಡಿಯಿತು. ಜನ್ನ 1209ರಲ್ಲಿ ಬರೆದ 'ಯಶೋಧರ ಚರಿತೆ'ಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಕ್ಕೇ ಜನ್ಮಜನ್ಮಾಂತರದ ನೋವು ಬೆನ್ನು ಹತ್ತುತ್ತದೆ. ಅದೇ ಅಂಜಿಕೆ ಬೇರೆಯವರ ಕೈಗೆ ಸಿಕ್ಕಾಗ ಏನಾಯಿತು? ದೇವಿ ಮುನಿಯುತ್ತಾಳೆ ಎಂದು ಹೆದರಿ ಹೆತ್ತವರು ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿಸಿ ದೇವದಾಸಿಯರನ್ನಾಗಿ ಮಾಡಿದರು. 1982ರಲ್ಲಿ ರಾಜ್ಯ ಅದನ್ನು ನಿಷೇಧಿಸುವ ಕಾಯ್ದೆ ತಂದಿತು. ಆಮೇಲೆ ನಡೆದ ಎರಡು ಸಮೀಕ್ಷೆಗಳಲ್ಲಿ ಗುರುತಿಸಿದ ದೇವದಾಸಿಯರು 40 ಸಾವಿರಕ್ಕೂ ಹೆಚ್ಚು. ಆ ತಂದೆತಾಯಿಗಳಿಗೆ ದೈವಭೀತಿ ಕಡಿಮೆಯಾಗಿತ್ತು ಎಂದು ಯಾರೂ ಹೇಳಲಾರರು. ಅಸ್ಪೃಶ್ಯತೆಯದೂ ಇದೇ ಕತೆ. ಮುಟ್ಟಿದರೆ ಪಾಪ ಎಂದು ಬರೆದಿಟ್ಟಿದ್ದರು. ಮುಟ್ಟದೆ ದೂರ ನಿಲ್ಲಿಸುವುದು ಪಾಪ ಎಂದು ಬರೆದಿರಲಿಲ್ಲ. 2016ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ, ಎಂಟು ಸಮುದಾಯಗಳ 591 ಜನರ ಅಧ್ಯಯನವನ್ನೂ ಈ ಬೆಳಕಿನಲ್ಲಿ ಓದಬೇಕು. ದೇವರು ಎಲ್ಲವನ್ನೂ ಬಲ್ಲ, ದಂಡಿಸುತ್ತಾನೆ ಎಂದು ಗಟ್ಟಿಯಾಗಿ ನಂಬಿದವರು ಗುಟ್ಟಾಗಿ ನಾಣ್ಯ ಹಂಚುವಾಗ ಹೆಚ್ಚು ಪ್ರಾಮಾಣಿಕರಾಗಿದ್ದರು. ಯಾರ ಪಾಲಿಗೆ? ದೂರದ ಊರಿನ, ಆದರೆ ತಮ್ಮದೇ ಧರ್ಮದ ಅಪರಿಚಿತರ ಪಾಲಿಗೆ. ಬೇಲಿಯಾಚೆಯವರ ಪಾಲಿನ ಪ್ರಶ್ನೆಯನ್ನು ಆ ಆಟ ಕೇಳಿರಲೇ ಇಲ್ಲ.

ತಿಂಥಣಿ ನನಗೆ ಮುಖ್ಯವಾಗುವುದು ಇದಕ್ಕೇ. ಅಲ್ಲಿ ಬೇಲಿಯಾಚೆಯವನೂ ಒಳಗಿದ್ದಾನೆ. ದೇವರಗೋನಾಲದಲ್ಲಿ ವಿಶ್ವಕರ್ಮ ಮನೆತನದಲ್ಲಿ ಹುಟ್ಟಿ, 'ಬಸವಣ್ಣ' ಎಂಬ ಅಂಕಿತದಲ್ಲಿ ವಚನ ಹೇಳಿದ ಮೌನೇಶ್ವರರ ಹಿಂದೆ ಒಂದು ಪರಂಪರೆಯೇ ಇತ್ತು. 12ನೇ ಶತಮಾನದಲ್ಲಿ ಬಸವಣ್ಣ ಸ್ವರ್ಗ ನರಕಗಳನ್ನು ಸಾವಿನ ಆಚೆಯಿಂದ ತಂದು ನಡತೆಯೊಳಗೆ, ಎದುರಿನವನನ್ನು ಮಾತನಾಡಿಸುವ ರೀತಿಯೊಳಗೆ ಇಟ್ಟಿದ್ದರು. ಇದನ್ನು ಬರೀ ಕಾವ್ಯದ ಮಾತು ಎಂದು ಓದುವವರಿದ್ದಾರೆ. ನನಗೆ ಇದು ಲೆಕ್ಕದ ಪುಸ್ತಕವನ್ನೇ ಬದಲಿಸಿದ ಕೆಲಸವಾಗಿ ಕಾಣುತ್ತದೆ. ಫಲ ಇಲ್ಲೇ ಇದೆ ಎಂದಾಗ ಪ್ರಾಯಶ್ಚಿತ್ತದ ಕಳ್ಳದಾರಿ ಮುಚ್ಚುತ್ತದೆ. ಪಾಪವೆಂದರೆ ಎದುರಿಗಿರುವವನಿಗೆ ಮಾಡಿದ ಗಾಯ ಎಂದಾಗ ಅವನ ಜಾತಿ ಧರ್ಮ ಯಾವುದೆಂದು ಕೇಳುವ ಅಗತ್ಯವೂ ಬೀಳುವುದಿಲ್ಲ.

ಒಂದು ಆಕ್ಷೇಪಣೆಗೆ ಮಾತ್ರ ನಾನು ತಲೆಬಾಗಿಯೇ ಉತ್ತರಿಸಬೇಕು. ಕೈಯಲ್ಲಿ ಏನೂ ಇಲ್ಲದವರಿಗೆ, ಕೋರ್ಟು ಪೊಲೀಸು ಎರಡೂ ಕೈಬಿಟ್ಟವರಿಗೆ, ನನ್ನನ್ನು ಹಾಳುಮಾಡಿದವನು ಎಲ್ಲೋ ಒಂದು ಕಡೆ ಲೆಕ್ಕ ಕೊಟ್ಟೇ ಕೊಡುತ್ತಾನೆ ಎಂಬ ನಂಬಿಕೆಯೊಂದೇ ಉಳಿದಿರುತ್ತದೆ; ಅದನ್ನೂ ಕಸಿಯಬೇಕೇ? 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಆ ಮನೆಗಳವರ ಮುಂದೆ ನಿಂತು ನರಕವಿಲ್ಲ ಎಂದು ವಾದಿಸುವ ಧೈರ್ಯ ನನಗಿಲ್ಲ, ವಾದಿಸಲೂಬಾರದು. ಆದರೆ ಅವರಿಗೆ ಸಾಂತ್ವನ ಕೊಡುವ ನಂಬಿಕೆಯೇ ನಮಗೆ, ಮಿಕ್ಕವರಿಗೆ, ಕೈಕಟ್ಟಿ ಕೂರುವ ನೆಪವಾಗಬಾರದು. ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ 2014ರ ಆಗಸ್ಟ್ 28ರಂದು ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರ್ 24ರಂದು, ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ, ಮೂವರಿಗೆ ಐದು ವರ್ಷ ಶಿಕ್ಷೆ ವಿಧಿಸಿತು. ಮೇಲ್ಮನವಿಗಳು ಹೈಕೋರ್ಟಿಗೆ ಹೋದವು. ಆ ಊರಿನ ಜಗಳದ ಬೇರು ಹೋಟೆಲಿನೊಳಗೆ ಕೂತು ಚಹಾ ಕುಡಿಯುವ, ಕ್ಷೌರದ ಅಂಗಡಿಯ ಕುರ್ಚಿಯಲ್ಲಿ ಕೂರುವ ಹಕ್ಕಿನಲ್ಲಿತ್ತು. ಭಾಗವತದ 28 ನರಕಗಳಲ್ಲಿ, ಒಬ್ಬ ಮನುಷ್ಯನನ್ನು ಆ ಕುರ್ಚಿಯಿಂದ ಎಬ್ಬಿಸಿ ಕಳಿಸಿದವನಿಗೆಂದು ಒಂದೂ ಇಲ್ಲ. ಅದನ್ನು ಅಪರಾಧವೆಂದು ಬರೆದದ್ದು 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ.